ಕಾಫಿ ಕದ್ದವನು ಕಳ್ಳ, ಕಾಪಿ ಹೊಡೆದವನು ನಾರ್ಮಲ್

ನನ್ನ ಲ್ಯಾಪ್‌ಟಾಪು ಮಳೆಗಾಲದಲ್ಲಿ ಬೂಷ್ಟು ಹಿಡಿದ ಚಪ್ಪಲಿಯ ಹಾಗಾಗಿತ್ತು. ಎಸೆಯೋಕೆ ಮನಸ್ಸಿಲ್ಲ, ಬಳಸೋಕೆ ಆಗಲ್ಲ. ಪೇಟೆಯ ಕಂಪ್ಯೂಟರ್ ಅಂಗಡಿಗೆ ಒಯ್ದೆ. ಅಂಗಡಿಯ ಹುಡುಗ ಹಿಂದೆ ಮುಂದೆ ತಿರುಗಿಸಿ ನೋಡಿ, "ಫಾರ್ಮ್ಯಾಟ್ ಹೊಡೀಬೇಕು ಅಂಕಲ್. ಒರಿಜಿನಲ್ ಹಾಕ್ಲಾ, ನಾರ್ಮಲ್ ಹಾಕ್ಲಾ?" ಅಂದ.

"ನಾರ್ಮಲ್ ಅಂದ್ರೆ?"

ಅವನಿಗೆ ನನ್ನ ಮೇಲೆ ಕನಿಕರ ಬಂತು. "ನಾರ್ಮಲ್ ಅಂದ್ರೆ ಎಲ್ರೂ ಹಾಕಿಸ್ಕೊಳ್ಳೋದು ಅಂಕಲ್. 500 ರೂಪಾಯಿ. ವಿಂಡೋಸು, ಆಫೀಸು, ಫೋಟೋಶಾಪು ಎಲ್ಲ ಬರುತ್ತೆ."

"ಒರಿಜಿನಲ್?"

"ಅಯ್ಯೋ, ಅದು ಬೇಡ. ಅದನ್ನ ದುಡ್ಡು ಕೊಟ್ಟು ತಗೋಬೇಕು."

ಎಂಥ ಚಂದದ ಮಾತು ನೋಡಿ. ಕದ್ದ ಮಾಲಿಗೆ ನಾರ್ಮಲ್ ಅಂತ ಹೆಸರು. ದುಡ್ಡು ಕೊಟ್ಟು ತಗೊಳ್ಳೋದು ಮಾತ್ರ ಏನೋ ಕಾಯಿಲೆ. ನಾನೂ ನಾರ್ಮಲ್ ಮನುಷ್ಯನೇ ಅಲ್ವಾ? ಹಾಕಪ್ಪಾ ಅಂದೆ.

ಅವನು ಮೊದಲು ಮಾಡಿದ ಕೆಲಸ ಆಂಟಿವೈರಸ್ ಆಫ್ ಮಾಡಿದ್ದು. ಯಾಕೆ ಅಂತ ಕೇಳಿದರೆ, "ಇಲ್ಲಾಂದ್ರೆ ಅದು ಕ್ರ್ಯಾಕನ್ನ ಒಳಗೆ ಬಿಡಲ್ಲ" ಅಂದ. ಕ್ರ್ಯಾಕ್ ಅಂದರೆ ದುಡ್ಡು ಕೊಡದೆ ಪ್ರೋಗ್ರಾಮಿನ ಬೀಗ ಮುರಿಯೋ ಕಳ್ಳ ಕೀಲಿ. ಇದು ಮನೆಗೆ ಬರೋ ನೆಂಟ ಫೋನ್ ಮಾಡಿ, 'ನಾಯಿ ಕಟ್ಟಿ, ಗೇಟು ತೆಗೆದಿಡಿ, ಲೈಟು ಆರಿಸಿ, ಆಮೇಲೆ ಬರ್ತೀನಿ' ಅಂದ ಹಾಗೆ. ಕೊಡಗಿನಲ್ಲಿ ಅಂಥ ನೆಂಟ ಬಂದರೆ ಮನೆಯವರು ಕಾಫಿಗೆ ನೀರಿಡುವ ಮೊದಲು ಕೋವಿ ಎಲ್ಲಿದೆ ಅಂತ ನೋಡುತ್ತಾರೆ. ಕಂಪ್ಯೂಟರಿಗೆ ಬಂದ ನೆಂಟನಿಗೆ ಮಾತ್ರ ನಾವೇ ನಾಯಿ ಕಟ್ಟುತ್ತೇವೆ.

ಹಾಗಂತ ನಮ್ಮ ಜಿಲ್ಲೆಯವರಿಗೆ ನಕಲಿ ಅಂದರೇನು, ಕಳ್ಳತನ ಅಂದರೇನು ಗೊತ್ತಿಲ್ಲ ಅಂತ ಅಲ್ಲ. ನಮ್ಮಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ವಿಯೆಟ್ನಾಂ ಮೆಣಸು ಬಂದು ಕೊಡಗಿನ ಮೆಣಸಿನ ಜೊತೆ ಸೇರಿಕೊಂಡಾಗ ನಾವು ಬೆಳೆಗಾರರು ಕೂಗಿದ್ದು ಸ್ವಲ್ಪವಾ? ನಮ್ಮ ಹೆಸರು, ಅವರ ಮಾಲು! ಕೊನೆಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆಜಿಗೆ 500 ರೂಪಾಯಿ ಅಂತ ಕನಿಷ್ಠ ಬೆಲೆ ಗೊತ್ತು ಮಾಡಿತು. ಆಗ ಊರಿನವರ ಪರವಾಗಿ 'ನಕಲಿ ಮಾಲು ತಡೆಯಿರಿ' ಅಂತ ಒಂದು ಮನವಿ ಬರೆದವನು ನಾನೇ. ಟೈಪ್ ಮಾಡಿದ್ದು ನಾರ್ಮಲ್ ಆಫೀಸಿನಲ್ಲಿ. ಬ್ಯಾನರ್ ಡಿಸೈನ್ ಆಗಿದ್ದು ನಾರ್ಮಲ್ ಕೋರೆಲ್‌ಡ್ರಾದಲ್ಲಿ. 'ಅಸಲಿಗೆ ಬೆಲೆ ಕೊಡಿ' ಅನ್ನೋ ಅಕ್ಷರಗಳಿಗೆ ಹಾಕಿದ ಫಾಂಟು ಎಲ್ಲಿಂದ ಬಂತು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

2019ರಲ್ಲಿ ಕೊಡಗಿನ ಅರೇಬಿಕಾ ಕಾಫಿಗೆ ಜಿಐ ಟ್ಯಾಗ್ ಸಿಕ್ಕಿತು. ಕೊಡಗಿನ ಕಿತ್ತಳೆಗೂ ಇದೆ. ಬೇರೆ ಊರಿನವರು ನಮ್ಮ ಹೆಸರು ಹಚ್ಚಿ ಮಾರಬಾರದು ಅಂತ. ಇದೂ ಬೌದ್ಧಿಕ ಆಸ್ತಿಯೇ ಅಂತ ನಾನು ಒಂದು ಮದುವೆಮನೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಆಸ್ತಿ ಅಂದಮೇಲೆ ಬೇಲಿ ಇರಬೇಕು, ಆರ್‌ಟಿಸಿ ಇರಬೇಕು. ತಲೆತಲಾಂತರದಿಂದ ಬಂದ, ಕಣ್ಣಿಗೆ ಕಾಣೋ ಜಮ್ಮಾ ಜಾಗದ ಆರ್‌ಟಿಸಿಗೇ ತಾಲೂಕು ಕಚೇರಿ ಮೆಟ್ಟಿಲು ಸವೆಸಿದವರಿಗೆ ಕಾಣದ ಆಸ್ತಿಯ ಕಥೆ ಹೇಳಿದರೆ ನಗದೆ ಏನು ಮಾಡುತ್ತಾರೆ? ನಮ್ಮಲ್ಲಿ ತಕ್ಕಡಿಗೆ ಬೀಳುವುದು ಮಾತ್ರ ಆಸ್ತಿ.

ಪಕ್ಕದ ತೋಟದ ಅಣ್ಣನ ವಾದ ಇನ್ನೂ ಗಟ್ಟಿ. "ಕಾಫಿ ಕದ್ರೆ ನನ್ನ ಕಣ ಖಾಲಿ ಆಗುತ್ತೆ. ಕಾಪಿ ಹೊಡೆದ್ರೆ ಅವನ ಕಣ ಖಾಲಿ ಆಗುತ್ತಾ? ಅವನದ್ದು ಅವನ ಹತ್ರಾನೇ ಇರುತ್ತಲ್ಲೋ!"

ಇದು ದಡ್ಡ ಪ್ರಶ್ನೆ ಏನಲ್ಲ. 1976ರಲ್ಲಿ 20 ವರ್ಷದ ಬಿಲ್ ಗೇಟ್ಸ್ ಇದೇ ವಿಷಯಕ್ಕೆ ಸಿಟ್ಟಾಗಿ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದಿದ್ದ. ನಾವು ಕಷ್ಟಪಟ್ಟು ಬರೆದ ಪ್ರೋಗ್ರಾಮನ್ನ ನೀವು ಬಹಳ ಮಂದಿ ಕದೀತಿದ್ದೀರಿ ಅಂತ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಅನ್ನೋ ಇನ್ನೊಬ್ಬ ಪುಣ್ಯಾತ್ಮ, ಪ್ರೋಗ್ರಾಮು ಅಂದರೆ ಹಂಚಿಕೊಳ್ಳೋಕೇ ಇರೋದು ಅಂತ ಹೊರಟ. ಆದರೆ ಅವನು ಬೇರೆಯವರದ್ದನ್ನ ಕದ್ದು ಹಂಚಲಿಲ್ಲ. ಮೊದಲಿಂದ ಹೊಸದಾಗಿ ಬರೆಯೋಕೆ ಕೂತ. ಒಬ್ಬ ಮಾರುವವನು, ಒಬ್ಬ ಹಂಚುವವನು. ನಮ್ಮದು ಮೂರನೇ ಪಂಥ. ಮಾರುವವನದ್ದನ್ನ ತಗೊಂಡು, ಹಂಚುವವನ ಮಾತು ಆಡುವುದು.

ಹಂಚುವವನ ಮಾಲು ನಮಗೆ ಬೇಕಾ ಅಂದರೆ ಅದೂ ಬೇಡ. ಮೈಸೂರಿನಲ್ಲಿ ಓದುತ್ತಿರೋ ನನ್ನ ಅಣ್ಣನ ಮಗ ರಜಕ್ಕೆ ಬಂದಾಗ, "ಚಿಕ್ಕಪ್ಪ, ಯಾಕೆ ಕದ್ದದ್ದು? ವಿಂಡೋಸ್ ಬದಲು ಲಿನಕ್ಸ್ ಹಾಕ್ಸಿ, ಆಫೀಸ್ ಬದಲು ಲಿಬ್ರೆಆಫೀಸ್ ಹಾಕ್ಸಿ, ಪೂರ್ತಿ ಫ್ರೀ" ಅಂದ. ಅದನ್ನೇ ಅಂಗಡಿ ಹುಡುಗನಿಗೆ ಹೇಳಿದೆ. ಅವನ ಮುಖ ಸಣ್ಣಗಾಯಿತು. "ಫ್ರೀನಾ? ಹಾಗಾದ್ರೆ ಅದ್ರಲ್ಲಿ ಏನೋ ಇದೆ ಅಂಕಲ್. ಸುಮ್ನೆ ಯಾರು ಕೊಡ್ತಾರೆ?" ಯಾರೋ ಗೊತ್ತಿಲ್ಲದವನು ಮುರಿದು ಕಳಿಸಿದ, ನಾಯಿ ಕಟ್ಟಿಸಿ ಒಳಗೆ ಬರೋ ಮಾಲಿನ ಮೇಲೆ ಅವನಿಗೆ ಅನುಮಾನ ಇಲ್ಲ. ಬಿಟ್ಟಿ ಕೊಟ್ಟದ್ದರ ಮೇಲೆ ಅನುಮಾನ. ಕನ್ನಡ ಟೈಪ್ ಮಾಡೋಕೆ ಇರೋ ಕನ್ನಡ ಗಣಕ ಪರಿಷತ್ತಿನ 'ನುಡಿ' ಪ್ರೋಗ್ರಾಮು ಕೂಡ ಬಿಟ್ಟಿಯೇ. ಅದನ್ನ ಹಾಕೋಕೆ ಮಾತ್ರ ಬೇರೆ 100 ರೂಪಾಯಿ ತಗೊಂಡ. "ಕನ್ನಡ ಸ್ವಲ್ಪ ಕಷ್ಟ ಅಂಕಲ್."

ಕಾನೂನು ಏನು ಹೇಳುತ್ತೆ ಅಂತ ನೋಡಿದೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮು ಸಾಹಿತ್ಯ ಕೃತಿ. ತಮಾಷೆ ಅಲ್ಲ, 1984ರ ತಿದ್ದುಪಡಿಯಿಂದ ಅದು ಕವಿತೆ, ಕಾದಂಬರಿಗಳ ಪಕ್ಕದಲ್ಲೇ ಕೂತಿದೆ. ನನ್ನ ತೋಟದ ಲೆಕ್ಕ ಬರೆಯೋ ಪ್ರೋಗ್ರಾಮು ಸಾಹಿತ್ಯ ಅಂತ ತಿಳಿದ ದಿನ ಅದನ್ನ ಸ್ವಲ್ಪ ಗೌರವದಿಂದ ತೆರೆದೆ. ಆಮೇಲೆ 63ಬಿ ಅಂತ ಒಂದು ಸೆಕ್ಷನ್ ಇದೆ. ನಕಲಿ ಪ್ರತಿ ಅಂತ ಗೊತ್ತಿದ್ದೂ ಪ್ರೋಗ್ರಾಮನ್ನ ಕಂಪ್ಯೂಟರಿನಲ್ಲಿ ಬಳಸಿದರೆ ಕಡಿಮೆ ಅಂದರೆ 7 ದಿನ, ಜಾಸ್ತಿ ಅಂದರೆ 3 ವರ್ಷ ಜೈಲು. ದಂಡ 50,000ದಿಂದ 2 ಲಕ್ಷ. ವ್ಯಾಪಾರಕ್ಕೆ ಬಳಸದಿದ್ದರೆ ಕೋರ್ಟು ಮನಸ್ಸು ಮಾಡಿ ಜೈಲು ಬಿಟ್ಟು ದಂಡ ಮಾತ್ರ ಹಾಕಬಹುದು. ಇದನ್ನ ಪಕ್ಕದ ತೋಟದ ಅಣ್ಣನಿಗೆ ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿ, "ಏಳು ದಿನ ತಾನೇ? ಕೊಯ್ಲು ಮುಗಿದ ಮೇಲೆ ಹೋಗಿ ಬಂದ್ರಾಯ್ತು" ಅಂದರು.

ಅಂಗಡಿ ಹುಡುಗನಿಗೂ ಹೇಳಿದೆ. ಅವನಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ಕಾನೂನಿನಲ್ಲಿ ಬ್ಯಾಕಪ್ ಕಾಪಿ ಇಟ್ಟುಕೊಳ್ಳೋಕೆ ಅವಕಾಶ ಇದೆಯಂತೆ. ಇದೆ, ನಿಜ. ಪ್ರೋಗ್ರಾಮನ್ನ ನ್ಯಾಯವಾಗಿ ಪಡೆದವನಿಗೆ, ಅವನ ಕಾಪಿ ಹಾಳಾದರೆ ಇರಲಿ ಅಂತ. ಇವನು ಇಡೀ ದಕ್ಷಿಣ ಕೊಡಗಿಗೆ ಬ್ಯಾಕಪ್ ಇಟ್ಟಿದ್ದಾನೆ.

ಹೋಂಸ್ಟೇಗಳ ಕಥೆ ಬೇರೆಯೇ. ನಮ್ಮ ಪರಿಚಯದ ಒಬ್ಬರ ಹೋಂಸ್ಟೇಯ ಫೋಟೋವನ್ನ ಮೂರು ಕಿಲೋಮೀಟರ್ ಆಚೆಯವರು ತಮ್ಮ ಪುಟಕ್ಕೆ ಹಾಕಿಕೊಂಡಿದ್ದರು. ಮಂಜು ಮುಸುಕಿದ ಜಗಲಿ, ಬೆತ್ತದ ಕುರ್ಚಿ, ಹೊಗೆಯಾಡೋ ಕಾಫಿ ಲೋಟ. "ಇದು ನನ್ನ ಜಗಲಿ! ಕುರ್ಚಿಯ ಹರಿದ ಬೆತ್ತ ಕೂಡ ನನ್ನದೇ!" ಅಂತ ಅವರು ನನ್ನ ಹತ್ತಿರ ಬಂದರು. ದೂರು ಬರೆದುಕೊಡೋಣ ಅಂತ ಅವರ ಪುಟ ತೆರೆದೆ. ಜಗಲಿ ಅವರದ್ದೇ. ಅದರ ಕೆಳಗೆ ಒಂದು ಈಜುಕೊಳ. ನೀಲಿ ನೀರು, ಸುತ್ತ ತೆಂಗಿನ ಮರ, ಹಿಂದೆ ಸಮುದ್ರ.

"ಅಣ್ಣಾ, ನಮ್ಮಲ್ಲಿ ಸಮುದ್ರ ಎಲ್ಲಿಂದ ಬಂತು?"

"ಅದು ಸುಮ್ನೆ ಒಂದು ಶೋಗೆ" ಅಂದರು. ದೂರು ಬರೆಯೋದು ಅಲ್ಲಿಗೇ ನಿಂತಿತು.

ಇಷ್ಟೆಲ್ಲ ಆಗುವ ಹೊತ್ತಿಗೆ ಜನವರಿಯಲ್ಲಿ ಒಂದು ಕಾಲೇಜಿನಿಂದ ಆಹ್ವಾನ ಬಂತು. 'ಕಂಪ್ಯೂಟರ್ ಬಳಕೆಯಲ್ಲಿ ನೀತಿ ಮತ್ತು ಬೌದ್ಧಿಕ ಆಸ್ತಿ ಹಕ್ಕು', ಒಂದು ದಿನದ ವಿಚಾರ ಸಂಕಿರಣ. ಊಟ ಇದೆ ಅಂತ ಹೋದೆ.

ಪರದೆಯ ಮೇಲೆ ಮೊದಲ ಸ್ಲೈಡು ಬಂತು. 'ಕದಿಯಬೇಡಿ, ಗೌರವಿಸಿ.' ಅದರ ಬಲಗಡೆ ಕೆಳಗೆ, ಮಾಸಿದ ಬೂದು ಅಕ್ಷರಗಳಲ್ಲಿ 'ಆಕ್ಟಿವೇಟ್ ವಿಂಡೋಸ್' ಅಂತ ಇತ್ತು. ನಾರ್ಮಲ್ ಕಂಪ್ಯೂಟರು, ಪಾಪ, ಅಪ್‌ಡೇಟ್ ಆಗಿ ಕ್ರ್ಯಾಕ್ ಉದುರಿಹೋಗಿತ್ತು. ಭಾಷಣಕಾರರು ಸ್ಲೈಡು ಬದಲಾಯಿಸಿದರೂ ಅದು ಬದಲಾಗಲಿಲ್ಲ. ಅವರು ಬಲಗಡೆಗೆ ಸರಿದಾಗ ಅಕ್ಷರಗಳು ಅವರ ಬಿಳಿ ಅಂಗಿಯ ಮೇಲೆ ಬಿದ್ದು, ಹೊಟ್ಟೆಯ ಮೇಲೆ ಸ್ವಲ್ಪ ಹೊತ್ತು ಉಸಿರಾಡಿದವು.

ಅವರ ಭಾಷಣ ಎಲ್ಲೋ ಓದಿದ ಹಾಗಿತ್ತು. "ಬೌದ್ಧಿಕ ಆಸ್ತಿಯು ಮನುಷ್ಯನ ಬುದ್ಧಿಯ ಸೃಷ್ಟಿಗಳನ್ನು ರಕ್ಷಿಸುತ್ತದೆ ಮೂರು" ಅಂದರು. ಮೂರು ಯಾಕೆ ಅಂತ ನಾನು ಯೋಚಿಸುತ್ತಿರುವಾಗಲೇ, "ಇದರಲ್ಲಿ ಹಲವು ಬಗೆಗಳಿವೆ ನಾಲ್ಕು" ಅಂದರು. ಆಗ ಹೊಳೆಯಿತು. ವಿಕಿಪೀಡಿಯದ ಅಡಿಟಿಪ್ಪಣಿಯ ಸಂಖ್ಯೆಗಳು! ವಿಕಿಪೀಡಿಯದವರು ತಗೋಬೇಡಿ ಅಂದಿಲ್ಲ ಮಾರಾಯರೇ. ಧಾರಾಳವಾಗಿ ತಗೊಳ್ಳಿ, ಎಲ್ಲಿಂದ ತಗೊಂಡಿರಿ ಅಂತ ಹೇಳಿ, ಅದೇ ಷರತ್ತಿನಲ್ಲಿ ಮುಂದಿನವರಿಗೂ ಕೊಡಿ ಅಂದಿದ್ದಾರೆ. ಕರೆದು ಊಟ ಹಾಕಿದ ಮನೆಯ ಹೆಸರು ಹೇಳೋಕೂ ನಮಗೆ ನಾಚಿಕೆ.

ಆಮೇಲೆ ಕೃತಿಚೌರ್ಯದ ವಿಷಯ ಬಂತು. ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ 10 ಪರ್ಸೆಂಟ್ ಒಳಗಿದ್ದರೆ ಶಿಕ್ಷೆ ಇಲ್ಲ. 60 ದಾಟಿದರೆ ಪ್ರಬಂಧ ಹಾಕಿದವನ ನೋಂದಣಿಯೇ ರದ್ದು. ಸತತವಾಗಿ 14 ಪದದವರೆಗೆ ಒಂದೇ ಥರ ಇದ್ದರೆ ಅದು ಕಾಕತಾಳೀಯ ಅಂತ ಬಿಡಬಹುದು. ಹಿಂದಿನ ಬೆಂಚಿನಲ್ಲಿ ನಿದ್ದೆ ಹೋಗಿದ್ದ ಒಬ್ಬ ಹಿರಿಯ ಬೆಳೆಗಾರರು ಇಲ್ಲಿ ಎದ್ದರು. "ಸಾರ್, ಒಂದು ಡೌಟು. ನನ್ನ ಕಣದಲ್ಲಿ ನೂರು ಮೂಟೆ ಇದ್ದು ಒಬ್ಬ ಹತ್ತು ಮೂಟೆ ಹೊತ್ತೊಯ್ದ್ರೆ ಶಿಕ್ಷೆ ಇಲ್ವಾ?"

"ಅದು ಬೇರೆ ಸಾರ್, ಅದು ಕಾಫಿ."

"ಹದಿನಾಲ್ಕು ಕಾಳು ತಗೊಂಡ್ರೆ?"

"ಸಾರ್, ದಯವಿಟ್ಟು ಕೂತ್ಕೊಳ್ಳಿ."

ಊಟಕ್ಕೆ ಮುಂಚೆ ವಂದನಾರ್ಪಣೆ. ಒಬ್ಬ ಹುಡುಗಿ ಚೀಟಿ ನೋಡಿಕೊಂಡು ಎಲ್ಲರಿಗೂ ವಂದನೆ ಹೇಳಿದಳು. ಅತಿಥಿಗಳಿಗೆ, ಅಡುಗೆಯವರಿಗೆ, ಮೈಕ್ ಸೆಟ್ಟಿನವರಿಗೆ. ಚೀಟಿ ಮುಗಿಯಿತು. ಯಾರನ್ನಾದರೂ ಬಿಟ್ಟೆನಾ ಅಂತ ಸುತ್ತ ನೋಡಿ, ಪರದೆಯ ಮೂಲೆಯತ್ತ ಕಣ್ಣು ಹಾಯಿಸಿ, "ಹಾಗೂ ಕಾರ್ಯಕ್ರಮದ ಪ್ರಾಯೋಜಕರಾದ ಆಕ್ಟಿವೇಟ್ ವಿಂಡೋಸ್ ಅವರಿಗೂ ಹೃತ್ಪೂರ್ವಕ ವಂದನೆಗಳು" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಇಡೀ ದಿನ ಆ ಕಂಪನಿಗೆ ಸಂದ ಗೌರವ ಅದೊಂದೇ. ನಾನೂ ತಟ್ಟಿದೆ.

ಸಂಜೆ ಮನೆಗೆ ಬಂದೆ. ರೋಬಸ್ಟಾ ಕೊಯ್ಲಿನ ಸಮಯ, ಕಣದ ತುಂಬ ಕಾಫಿ. ಬೆಲೆ ಬಂದ ವರ್ಷ ಕಳ್ಳರೂ ಜಾಸ್ತಿ. ರಾತ್ರಿ ಕಾವಲಿಗೆ ನಾನು, ಪಕ್ಕದ ತೋಟದ ಅಣ್ಣ ಇಬ್ಬರೂ ಕೂತೆವು. ಬೆಂಕಿ ಹಾಕಿದ್ದೆವು, ಮೂಲೆಯಲ್ಲಿ ಕೋವಿ, ಕಾಲ ಹತ್ತಿರ ನಾಯಿ. ಹತ್ತು ಗಂಟೆಗೆ ಅಣ್ಣ ಜೇಬಿನಿಂದ ಪೆನ್‌ಡ್ರೈವ್ ತೆಗೆದರು.

"ಶುಕ್ರವಾರ ರಿಲೀಸ್ ಆಗಿದ್ದು. ಅಂಗಡಿ ಹುಡುಗ ಕೊಟ್ಟ. ಲ್ಯಾಪ್‌ಟಾಪ್ ತಾ."

ಬೆಳಗ್ಗೆ ಕೇಳಿದ್ದು ಇನ್ನೂ ಕಿವಿಯಲ್ಲಿತ್ತು. "ಅಣ್ಣಾ, 2023ರಲ್ಲಿ ಸಿನಿಮಾ ಕಾಯ್ದೆ ಬಿಗಿ ಮಾಡಿದ್ದಾರೆ. ಥಿಯೇಟರಿನಲ್ಲಿ ಕದ್ದು ಶೂಟ್ ಮಾಡಿದ್ರೆ ಕಡಿಮೆ ಅಂದ್ರೆ ಮೂರು ತಿಂಗಳು ಜೈಲು, ಮೂರು ಲಕ್ಷ ದಂಡ" ಅಂದೆ.

"ನಾವು ಶೂಟ್ ಮಾಡಿದ್ವಾ? ನಾವು ಇಲ್ಲಿ ಕಾಫಿ ಕಾಯ್ತಿದ್ದೀವಿ."

ಸಿನಿಮಾ ಶುರುವಾಯಿತು. ಚಿತ್ರ ಸ್ವಲ್ಪ ವಾಲಿತ್ತು. ಯಾರೋ ಕೆಮ್ಮುತ್ತಿದ್ದರು, ಎಲ್ಲೋ ಮಗು ಅಳುತ್ತಿತ್ತು. ಅರ್ಧ ಗಂಟೆಯಲ್ಲಿ ಕಥೆ ಬಿಗಿಯಾಯಿತು, ಇಬ್ಬರೂ ಮುಂದಕ್ಕೆ ಬಾಗಿ ಕೂತೆವು. ಅಷ್ಟರಲ್ಲಿ ಕಪ್ಪಗೆ ಒಂದು ಆಕೃತಿ ಎಡಗಡೆಯಿಂದ ಮೆಲ್ಲಗೆ ಬಗ್ಗಿಕೊಂಡು ದಾಟಿತು. ಅಣ್ಣ ಧಡಕ್ಕನೆ ಎದ್ದರು, "ಯಾವನೋ ಅವನು!" ಅಂತ ಕೂಗಿ ಕೋವಿಗೆ ಕೈ ಹಾಕಿದರು. ನಾಯಿ ಬೊಗಳಿತು. ನಾನು ಟಾರ್ಚು ಹಾಕಿ ಇಡೀ ಕಣ ಹುಡುಕಿದೆ. ಒಂದು ಕಾಳೂ ಅಲುಗಿರಲಿಲ್ಲ.

ತಿರುಗಿ ನೋಡಿದರೆ ಕಳ್ಳ ಪರದೆಯ ಮೇಲಿದ್ದ. ಯಾವುದೋ ಊರಿನ ಥಿಯೇಟರಿನಲ್ಲಿ, ಕೈಯಲ್ಲಿ ಪಾಪ್‌ಕಾರ್ನ್ ಹಿಡಿದು, ತನ್ನ ಸೀಟು ಹುಡುಕುತ್ತಿದ್ದ.