ಸೊಂಟ ಇರೋದು ಎಲ್ಲಿ?

ಕಲಬುರಗಿಯಲ್ಲಿ ನಿಮ್ಮ ತೂಕ ಹೆಚ್ಚಾದ ಸುದ್ದಿ ನಿಮಗೆ ಎಲ್ಲರಿಗಿಂತ ಕೊನೆಗೆ ತಲುಪುತ್ತದೆ. ಮೊದಲು ಗೊತ್ತಾಗೋದು ಓಣಿಗೆ. ತರಕಾರಿ ಮಾರುವ ಆಯಿ ತಕ್ಕಡಿ ಹಿಡಿದುಕೊಂಡೇ, "ಏನ್ ಸಾಹೇಬ್ರೇ, ಚಲೋ ಮೈ ಬಂದಾದಲ್ರೀ" ಅಂದಳು. ಅದು ಟೀಕೆ ಅಲ್ಲ, ಮೆಚ್ಚುಗೆ. ನಮ್ಮ ಕಡೆ ಹೊಟ್ಟೆ ಬಂದರೆ ಮನೆಯಲ್ಲಿ ಸುಖ ಇದೆ ಅಂತಲೇ ಲೆಕ್ಕ. ಸಣ್ಣಗಾದರೆ ಮಾತ್ರ ಜನ ಗಾಬರಿಯಾಗುತ್ತಾರೆ. ದನಿ ತಗ್ಗಿಸಿ, "ಸಕ್ಕರಿ ಬ್ಯಾನಿ ಬಂದಾದೇನ್ರೀ?" ಅಂತ ಕೇಳುತ್ತಾರೆ. ಇಂಥ ಊರಲ್ಲಿ ತೂಕ ಇಳಿಸಲು ಹೊರಡೋದು ಸಣ್ಣ ಧೈರ್ಯ ಅಲ್ಲ.

ನನ್ನನ್ನು ಹೊರಡಿಸಿದ್ದು ಷೂ ಲೇಸು. ಅದನ್ನು ಕಟ್ಟಿ ಎದ್ದರೆ ಎರಡು ಮಹಡಿ ಹತ್ತಿದಷ್ಟು ಏದುಸಿರು. ಜಿಮ್ಮಿಗೆ ಹೋದೆ. ಅಲ್ಲಿ ಸುತ್ತಲೂ ಕನ್ನಡಿ. ನಾನೊಬ್ಬನೇ ಎಲ್ಲ ದಿಕ್ಕಿನಿಂದಲೂ ಬರುತ್ತಿದ್ದೆ. ಅಷ್ಟೊಂದು ನನ್ನನ್ನು ಒಟ್ಟಿಗೆ ನೋಡುವ ಶಕ್ತಿ ಇರಲಿಲ್ಲ. ಕೊನೆಗೆ ಷಟಲ್ ಆಡೋದು ಅಂತ ತೀರ್ಮಾನವಾಯಿತು. 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದರಲ್ಲ, ಆಮೇಲೆ ಕರ್ನಾಟಕದಲ್ಲಿ ಹುಟ್ಟಿದ ನಮಗೆಲ್ಲ ಈ ಆಟದ ಮೇಲೆ ಒಂದು ಹಕ್ಕಿದೆ ಅನ್ನೋ ಭಾವನೆ. ಬ್ರಹ್ಮಪುರದ ಓಣಿಯಲ್ಲಿ ಎರಡು ಕಿಟಕಿಗಳ ನಡುವೆ ಹಗ್ಗ ಕಟ್ಟಿ ಆಡಿದವರು ನಾವು. ಎಮ್ಮೆ ಬಂದರೆ ಹಗ್ಗ ಎತ್ತಬೇಕಿತ್ತು, ಅಷ್ಟೇ ತೊಂದರೆ.

ಆಟಕ್ಕಿಂತ ಮೊದಲು ಸಾಮಾನು ಬಂತು. ರಾಕೆಟ್ಟು, ನಾನ್ ಮಾರ್ಕಿಂಗ್ ಷೂ, ಮಣಿಕಟ್ಟಿಗೆ ಬ್ಯಾಂಡು, ಹಣೆಗೆ ಬ್ಯಾಂಡು. ಟೀ ಶರ್ಟ್ ಮಾತ್ರ ಸಿಗಲಿಲ್ಲ. ಆಟದ ಬಟ್ಟೆ ಹೊಲಿಯುವವರು, ಆಡುವವನು ಆಗಲೇ ಸಣ್ಣಗಿದ್ದಾನೆ ಅಂತ ನಂಬಿಬಿಟ್ಟಿದ್ದಾರೆ. ಸಣ್ಣಗಾಗಲು ಆಡುವವನು ಏನು ಹಾಕಿಕೊಳ್ಳಬೇಕು? ಅದಕ್ಕೆ ಉತ್ತರ ಅಂಗಡಿಯವನ ಹತ್ತಿರ ಇರಲಿಲ್ಲ.

ಶುರು ಮಾಡುವ ಮುಂಚೆ ಒಮ್ಮೆ ತೂಕ ನೋಡಬೇಕಲ್ಲ. ಗಂಜ್‌ನಲ್ಲಿ ನಮ್ಮ ಸೋದರಮಾವನ ಅಡತಿ ಅಂಗಡಿ, ಅಂದರೆ ಕಾಳುಕಡಿಯ ದಲಾಲಿ ಅಂಗಡಿ ಇದೆ. ತೊಗರಿ ಚೀಲ ತೂಗುವ ಕಾಟಾ ಅಲ್ಲಿ ಹಗಲೆಲ್ಲ ತೆರೆದೇ ಇರುತ್ತದೆ. ಹತ್ತಿ ನಿಂತೆ. 94 ಅಂತ ತೋರಿಸಿತು. ಪಕ್ಕದಲ್ಲಿ ಬೀಡಿ ಹಚ್ಚುತ್ತಿದ್ದ ಹಮಾಲಿ ಕಾಕಾ ತಲೆ ಎತ್ತಿ ನೋಡಿ, "ಎರಡು ಚೀಲಕ್ಕ ಆರು ಕಿಲೋ ಕಮ್ಮಿ ಬಂತ್ ನೋಡ್ರಿ" ಅಂದರು. 50 ಕಿಲೋ ಚೀಲದ ಲೆಕ್ಕ ಅದು. ಮಾವ ಕನ್ನಡಕದ ಮೇಲಿಂದ ಒಮ್ಮೆ ನೋಡಿ, ರೂಢಿಯಂತೆ ಚೀಟಿ ಬರೆದು ಕೈಗೆ ಕೊಟ್ಟರು.

ಬೆಳಗಿನ ಬ್ಯಾಚಿಗೆ ಸೇರಿದೆ. ತಗಡಿನ ಸೂರಿನ ಕೆಳಗೆ ಎರಡು ಕೋರ್ಟು. ಉದ್ದ 44 ಅಡಿ, ಅದರಲ್ಲಿ ನಮ್ಮ ಪಾಲು 22. ನಮ್ಮ ಮನೆಯ ಪಡಸಾಲೆಗಿಂತ ಸ್ವಲ್ಪ ದೊಡ್ಡದು, ಇಷ್ಟರಲ್ಲಿ ಓಡೋದು ಏನು ಮಹಾ ಅನ್ನಿಸಿತು. ನಿಯಮದ ಪ್ರಕಾರ ಕಾಕ್, ಅಂದರೆ ನಾವು ಹೊಡೆಯುವ ಗರಿಯ ಚೆಂಡಿನ ತೂಕ 4.74ರಿಂದ 5.50 ಗ್ರಾಂ ಒಳಗಿರಬೇಕು, ಗರಿ 16 ಇರಬೇಕು. ಆಡುವವನ ತೂಕದ ಬಗ್ಗೆ ನಿಯಮ ಏನೂ ಹೇಳೋದಿಲ್ಲ. ಹೇಳಬೇಕಿತ್ತು.

ಎದುರಿಗೆ ನಿಂತವರು ನಿವೃತ್ತ ಗಣಿತದ ಮಾಸ್ತರು. ಎಪ್ಪತ್ತು ದಾಟಿದವರು, ಬಲು ತೆಳ್ಳಗಿನವರು. ಅವರು ಓಡೋದಿಲ್ಲ. ಮಣಿಕಟ್ಟನ್ನು ಸ್ವಲ್ಪ ತಿರುಗಿಸುತ್ತಾರೆ, ನಾವು ಓಡುತ್ತೇವೆ. "ಬರ್ರಿ, ಬರ್ರಿ, ಮುಂದ ಬರ್ರಿ. ಹಾಂ, ಈಗ ಹಿಂದ ಹೋಗ್ರಿ" ಅಂತ ಮೊದಲೇ ಹೇಳಿ ಕಾಕ್ ಬಿಡುತ್ತಾರೆ. ಹೇಳಿದ ಮೇಲೂ ಮುಟ್ಟಲು ಆಗೋದಿಲ್ಲ. ಜೀವನವಿಡೀ ಕೋನಗಳನ್ನು ಕಲಿಸಿದವರು, ಮೂಲೆ ಎಲ್ಲಿದೆ ಅಂತ ಅವರಿಗೆ ಗೊತ್ತು.

ಒಂದು ಕಾಕ್ ಮಾತ್ರ ಎತ್ತರದಲ್ಲಿ ಹದವಾಗಿ ಬಂತು. ಸ್ಮ್ಯಾಶ್‌ಗೆ ಹಾರಿದೆ. ಹಾರಿದ್ದು ನನಗೊಬ್ಬನಿಗೇ ಗೊತ್ತಾಯಿತು. ಇಳಿದದ್ದು ಎಲ್ಲರಿಗೂ ಗೊತ್ತಾಯಿತು, ಪಕ್ಕದ ಕೋರ್ಟಿನವರು ಆಟ ನಿಲ್ಲಿಸಿದರು. ಕಾಕ್ ಎಲ್ಲಿ ಬಿತ್ತು ಅಂತ ಆಮೇಲೆ ಯಾರೂ ಹುಡುಕಲಿಲ್ಲ.

ನಿಜವಾದ ಗಲಾಟೆ ಆಗಿದ್ದು ಸರ್ವಿಸ್ ವಿಷಯಕ್ಕೆ. ನಾನು ಸರ್ವಿಸ್ ಮಾಡಿದ ಕೂಡಲೇ ಮಾಸ್ತರು ಕೈ ಎತ್ತಿದರು. "ಫೌಲ್. ಕಾಕ್ ಸೊಂಟದ ಕೆಳಗ ಇರಬೇಕು." ಕೆಳಗೇ ಇತ್ತು ಅಂದೆ. "ನಿಮ್ಮ ಸೊಂಟ ಎಲ್ಲಿ ಅದ, ಮೊದಲು ಅದು ಹೇಳ್ರಿ" ಅಂದರು. ಆಟ ನಿಂತಿತು. ಎರಡೂ ಕೋರ್ಟಿನವರು ನನ್ನ ಸುತ್ತ ಸೇರಿದರು. ಬಟ್ಟೆ ಅಂಗಡಿಯ ಸಾಹುಕಾರರು, "ಪ್ಯಾಂಟ್ ಎಲ್ಲಿ ಕಟ್ತಾರೋ ಅದೇ ಸೊಂಟ, ದಿನಾ ಅಳೀತೀನ್ರೀ ನಾನು" ಅಂದರು. ಮಾಸ್ತರು ನನ್ನ ಪ್ಯಾಂಟು ಹೊಟ್ಟೆಯ ಕೆಳಗೆ ಎಲ್ಲಿ ನಿಂತಿದೆ ಅಂತ ಬಗ್ಗಿ ನೋಡಿದರು. "ಹಂಗಾದ್ರ ಇವರು ಮೊಳಕಾಲಿಂದ ಸರ್ವಿಸ್ ಮಾಡಬೇಕಾಗ್ತದ" ಅಂದರು. ಹಳೆಯ ನಿಯಮದ ಪ್ರಕಾರ ಸೊಂಟ ಅಂದರೆ ಕೊನೆಯ ಪಕ್ಕೆಲುಬಿನ ಕೆಳತುದಿಯ ಮಟ್ಟದಲ್ಲಿ ಮೈ ಸುತ್ತ ಎಳೆದುಕೊಳ್ಳುವ ಒಂದು ಗೆರೆ. ಊಹೆಯ ಗೆರೆ. ನನ್ನ ವಿಷಯದಲ್ಲಿ ಪಕ್ಕೆಲುಬು ಕೂಡ ಊಹೆಯೇ.

ನಾನು ಮೊಬೈಲ್ ತೆಗೆದು ತೋರಿಸಿದೆ. 2018ರಿಂದ ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಸೊಂಟದ ಮಾತೇ ಇಲ್ಲ. ರಾಕೆಟ್ಟು ತಾಗುವ ಗಳಿಗೆಯಲ್ಲಿ ಕಾಕ್ ಪೂರ್ತಿ ನೆಲದಿಂದ 1.15 ಮೀಟರ್‌ಗಿಂತ ಕೆಳಗಿದ್ದರೆ ಸಾಕು. ಉದ್ದ ಇರಲಿ, ಗಿಡ್ಡ ಇರಲಿ, ದಪ್ಪ ಇರಲಿ, ಎಲ್ಲರಿಗೂ ಒಂದೇ ಅಳತೆ. ದಪ್ಪಗಿರುವವರ ಮಾನ ಉಳಿಸಲು ಜಗತ್ತು ಮಾಡಿದ ಕೆಲವೇ ಕಾನೂನುಗಳಲ್ಲಿ ಇದೊಂದು ಅಂತ ನನ್ನ ಅಭಿಪ್ರಾಯ. ಸಾಹುಕಾರರ ಜೇಬಿನಲ್ಲಿ ಟೇಪು ಇತ್ತು. ಕಂಬದ ಮೇಲೆ ಅಳೆದು ಚಾಕ್‌ಪೀಸಿನಿಂದ ಗೆರೆ ಎಳೆದರು. ಮಾಸ್ತರು ಒಪ್ಪಿದರು. ಮುಂದಿನ ಸರ್ವಿಸ್ ಗೆರೆಯ ಕೆಳಗಿಂದಲೇ ಹೋಯಿತು, ನೆಟ್ಟಿನ ಕೆಳಗೆ ಬಿತ್ತು.

ಮೈಯೆಲ್ಲ ಬೆವರು. ಇಷ್ಟು ಬೆವರಿದ ಮೇಲೆ ಏನಾದರೂ ಇಳಿದಿರಲೇಬೇಕು ಅಂತ ಅಲ್ಲಿಂದ ಸೀದಾ ಗಂಜ್‌ಗೆ ಹೋದೆ. ಒಂದು ಕಿಲೋ ಕಡಿಮೆ ತೋರಿಸಿತು! ಸಂತೋಷದಿಂದ ಮಾವನ ಮುಖ ನೋಡಿದೆ. ಮಾವ ತೊಗರಿಯನ್ನು ಅಂಗೈಯಲ್ಲಿ ಉಜ್ಜಿ, ಹಲ್ಲಿನಿಂದ ಕಡಿದು ತೇವ ಹೇಳುವ ಮನುಷ್ಯ. "ಇದು ಬರೀ ತೇವ ಆರಿದ್ದು ಅಳಿಯಾ. ಮಾಲು ಹಂಗೇ ಅದ. ಒಂದು ತಂಬಿಗಿ ನೀರು ಕುಡಿ, ಮತ್ತ ಬರ್ತದ" ಅಂದರು. ಕುಡಿದೆ. ಬಂತು.

ಮೊಣಕಾಲು ನೋಯಲು ಶುರುವಾದ ಮೇಲೆ ಡಾಕ್ಟರ ಹತ್ತಿರ ಹೋದೆ. ಅವರು ಬೈಯಲಿಲ್ಲ, ಲೆಕ್ಕ ಹೇಳಿದರು. ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದಂತೆ. "ಅದು ನಡೆದ್ರ. ನೀವು ಜಿಗೀಲತ್ತೀರಿ" ಅಂದರು. ಮೊದಲು ಒಂದಿಷ್ಟು ಇಳಿಸಿ, ತೊಡೆಗೆ ಬಲ ಬರುವ ವ್ಯಾಯಾಮ ಮಾಡಿ, ಆಮೇಲೆ ಕೋರ್ಟಿಗೆ ಹೋಗಿ ಅನ್ನೋದು ಅವರ ಮಾತು. ಇದನ್ನು ರಾಕೆಟ್ ಮಾರುವ ಅಂಗಡಿಯಲ್ಲಿ ಯಾರೂ ಹೇಳೋದಿಲ್ಲ, ಅಲ್ವಾ?

ಹಾಗಾಗಿ ಅಪ್ಪನ ಕೆರೆ ಸುತ್ತ ನಡೆದೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಗುಡಿ ಪಕ್ಕದಲ್ಲೇ. ಊಟ ಬಿಡಬೇಕು ಅಂತ ಯೋಚಿಸುತ್ತ ನಡೆಯಲು ಅದಕ್ಕಿಂತ ಕಷ್ಟದ ಜಾಗ ಇನ್ನೊಂದಿಲ್ಲ.

ಡಯಟ್ ಚಾರ್ಟ್ ಕೂಡ ಬಂತು. ರಾತ್ರಿಗೆ ಎರಡು ಜೋಳದ ರೊಟ್ಟಿ ಅಂತ ಬರೆದಿತ್ತು. ಬೆಂಗಳೂರಿನಲ್ಲಿರುವ ನನ್ನ ತಮ್ಮ ತೂಕ ಇಳಿಸಲು ಜೋಳದ ರೊಟ್ಟಿಯನ್ನು ಪ್ಯಾಕೆಟ್ಟಿನಲ್ಲಿ ಕೊಂಡು ತಿನ್ನುತ್ತಾನೆ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಅದನ್ನೇ ತಿನ್ನುತ್ತಿದ್ದೇವೆ, ಗೋಡೆಯ ಮೇಲಿನ ಫೋಟೊಗಳಲ್ಲಿ ಒಬ್ಬರೂ ಸಣ್ಣಗಿಲ್ಲ. ಚಾರ್ಟಿನಲ್ಲಿ ಸಂಖ್ಯೆ ಇದೆ, ಅಗಲ ಇಲ್ಲ. ನಮ್ಮ ಅವ್ವ ಬಡಿಯುವ ರೊಟ್ಟಿ ತಾಟಿನ ಅಂಚು ದಾಟಿ ಹೊರಗೆ ಬರುತ್ತದೆ. ಅದೂ ಹೋಗಲಿ, ರೊಟ್ಟಿ ಒಂಟಿಯಾಗಿ ಬರೋದಿಲ್ಲ. ಎಣ್ಣೆಗಾಯಿ ಬರುತ್ತದೆ, ಪುಂಡಿ ಪಲ್ಯ ಬರುತ್ತದೆ, ಶೇಂಗಾ ಹಿಂಡಿ ಬಂದೇ ಬರುತ್ತದೆ. ಶೇಂಗಾ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. 100 ಗ್ರಾಂಗೆ 550 ಕ್ಯಾಲೊರಿ ದಾಟುತ್ತದೆ. ನನ್ನ ಗಾತ್ರದವನು ಒಂದು ಗಂಟೆ ಷಟಲ್ ಆಡಿದರೆ ಸುಮಾರು 400, 500 ಖರ್ಚಾಗಬಹುದು. ಅದೂ ನಿಲ್ಲದೆ ಆಡಿದರೆ. ಡಬಲ್ಸ್‌ನಲ್ಲಿ ಅರ್ಧ ಹೊತ್ತು, ಗೆರೆ ಒಳಗೋ ಹೊರಗೋ ಅನ್ನೋ ವಾದವೇ ನಡೆಯುತ್ತದೆ. ವಾದಕ್ಕೆ ಕ್ಯಾಲೊರಿ ಕರಗೋ ಹಾಗಿದ್ದರೆ ನಮ್ಮ ಬ್ಯಾಚು ಇಷ್ಟೊತ್ತಿಗೆ ಗಾಳಿಗೆ ಹಾರಿ ಹೋಗಬೇಕಿತ್ತು.

ಹಿಂಡಿಯ ಡಬ್ಬಿಯನ್ನು ಮೇಲಿನ ಮಾಡಕ್ಕೆ ಎತ್ತಿಡಿಸಿದೆ. ಸ್ವಲ್ಪ ಇಳಿದೆ. ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಕೂತರೆ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ಬೇಡ ಅಂದರೆ ಭೂಮಿತಾಯಿಗೆ ಅವಮಾನ ಅಂತಾರೆ. ಅವರ ಜೊತೆ ಯಾರು ವಾದ ಮಾಡ್ತಾರೆ? ಇಳಿದದ್ದು ಹೊಲದಲ್ಲೇ ವಾಪಸ್ ಬಂತು. ಮತ್ತೆ ಕೆರೆ, ಮತ್ತೆ ಚಾರ್ಟು. ಬೇಸಿಗೆ ಹೊತ್ತಿಗೆ ಕಾಟಾ 88 ತೋರಿಸಿತು. ನೀರು ಕುಡಿದು ಹತ್ತಿದರೂ ಅಷ್ಟೇ. ಹಮಾಲಿ ಕಾಕಾ, "ಈ ಸಲ ಮಾಲೇ ಇಳ್ದಾದ" ಅಂತ ಒಪ್ಪಿದರು. ಮಾಸ್ತರು ನೆಟ್ಟಿನ ಹತ್ತಿರ ಮೆಲ್ಲಗೆ ಬೀಳಿಸುವ ಕೆಲವು ಡ್ರಾಪ್‌ಗಳಿಗೆ ಈಗ ನನ್ನ ರಾಕೆಟ್ಟಾದರೂ ತಾಗುತ್ತದೆ.

ಆದರೆ ಬೇಸಿಗೆಯ ಕಷ್ಟವೇ ಬೇರೆ. ಹೊರಗೆ 42, 43 ಡಿಗ್ರಿ ಬಿಸಿಲು ಬಿದ್ದ ತಗಡು ಮರುದಿನ ಬೆಳಗಿನವರೆಗೂ ಆರೋದಿಲ್ಲ. ಫ್ಯಾನ್ ಹಾಕಿದರೆ ಕಾಕ್ ದಾರಿ ತಪ್ಪುತ್ತದೆ ಅಂತ ಫ್ಯಾನೂ ಇಲ್ಲ. ಬಿಸಿಗಾಳಿ ಹಗುರ, ಕಾಕ್ ಅದರಲ್ಲಿ ಜಾಸ್ತಿ ದೂರ ಹೋಗುತ್ತದೆ. ಚಳಿಗಾಲದಲ್ಲಿ ಗೆರೆಯ ಮೇಲೆ ಬೀಳುತ್ತಿದ್ದ ಹೊಡೆತ ಈಗ ಹಿಂದಿನ ಗೋಡೆಗೆ ಬೀಳುತ್ತದೆ. ಅದಕ್ಕೇ ಸೆಕೆ ಇರುವ ಊರಿಗೆ 75, 76 ನಂಬರಿನ ನಿಧಾನದ ಕಾಕ್ ಬೇಕು. ಇನ್ನೊಂದು ತೊಂದರೆ ಅಂದರೆ ಒಣ ಹವೆಗೆ ಗರಿಗಳು ಬೇಗ ಮುರಿಯುತ್ತವೆ. ಆಡುವ ಹಿಂದಿನ ರಾತ್ರಿ ಡಬ್ಬಿಯ ಎರಡೂ ಬಾಯಿಗೆ ಸ್ವಲ್ಪ ಹಬೆ ಹಿಡಿದು ಇಟ್ಟರೆ ಗರಿ ಮೆತ್ತಗಾಗಿ ಹೆಚ್ಚು ಬಾಳುತ್ತವೆ ಅಂತ ಮಾಸ್ತರು ಹೇಳಿಕೊಟ್ಟರು.

ಮನೆಯಲ್ಲಿ ಹಬೆ ಬರೋದು ಇಡ್ಲಿ ಪಾತ್ರೆಯಲ್ಲಿ. ನಮ್ಮದು ತತ್ತಿಯೂ ಒಳಗೆ ಬಾರದ ಮನೆ. ಎಲ್ಲರೂ ಮಲಗಿದ ಮೇಲೆ ಒಲೆ ಹಚ್ಚಿ, ಪಾತ್ರೆಯ ಮೇಲೆ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಬಿಸಿ ತಾಗಿ ಕೈ ಜಾರಿತು, ಎರಡು ಕಾಕ್ ನೀರಿಗೆ ಬಿದ್ದವು. ಅಷ್ಟರಲ್ಲಿ ಹೆಂಡತಿ ಬಂದಳು. "ಏನ್ರೀ ಇದು, ಅರ್ಧರಾತ್ರ್ಯಾಗ ಏನು ಕುದಿಸ್ಲತ್ತೀರಿ?" ಅಂದಳು. ಅವಳ ದನಿಗೆ ಅವ್ವನೂ ಎದ್ದು ಬಂದಳು. ನೀರಿನಲ್ಲಿ ತೇಲುತ್ತಿದ್ದ ಬಿಳಿ ಗರಿಗಳನ್ನು ಇಬ್ಬರೂ ನೋಡಿದರು. ಯಾವ ಹಕ್ಕಿಯದು ಅಂತ ಅವ್ವ ಕೇಳಿದಳು. ಬಾತುಕೋಳಿಯದು ಅಂದುಬಿಟ್ಟೆ. "ಶಿವಶಿವಾ! ನಾಳಿ ಸೋಮವಾರ ಅದಲ್ಲೋ ತಮ್ಮಾ" ಅಂತ ಅವ್ವ ಅಲ್ಲೇ ಕೂತಳು. ಬೆಳಗ್ಗೆ ಇಡ್ಲಿ ಪಾತ್ರೆ ಪಾತ್ರೆ ಮಾರುವವಳ ಬುಟ್ಟಿ ಸೇರಿತು. ಅದರ ಬದಲಿಗೆ ಒಂದು ಸ್ಟೀಲಿನ ಡಬ್ಬಿ ಬಂತು.

ಈಗ ಪ್ಲಾಸ್ಟಿಕ್ ಕಾಕ್‌ನಲ್ಲೇ ಆಟ. ಅದರ ಕೊರಳಿಗೆ ಬಣ್ಣದ ಪಟ್ಟಿ ಇರುತ್ತದೆ. ಹಸಿರು ಅಂದರೆ ನಿಧಾನ, ನೀಲಿ ಅಂದರೆ ಮಧ್ಯಮ, ಕೆಂಪು ಅಂದರೆ ವೇಗ. ನಮ್ಮ ಸೆಕೆಗೆ ಹಸಿರೇ ಸರಿ ಅಂತ ಅದನ್ನೇ ತಂದೆ. ಅವ್ವ ಡಬ್ಬಿ ಮುಟ್ಟಲು ಹಿಂದೆಮುಂದೆ ನೋಡಿದಾಗ ಹೆಂಡತಿ ಮುಂದೆ ಬಂದು, "ಹಸರ ಗುರುತು ಅದ ನೋಡ್ರಿ ಅತ್ತಿ, ಇದು ವೆಜ್" ಅಂದಳು. ಬಿಸ್ಕಿಟ್ ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕಿ ನೋಡಿಯೇ ಮೊಮ್ಮಕ್ಕಳಿಗೆ ಕೊಡುವ ಅವ್ವನಿಗೆ ಅಷ್ಟು ಸಾಕಾಯಿತು. ತಾನೇ ಎತ್ತಿ ಕಪಾಟಿನಲ್ಲಿಟ್ಟಳು.

ಮೊನ್ನೆ ಅಂಗಡಿಯಲ್ಲಿ ಹಸಿರು ಪಟ್ಟಿಯದು ಮುಗಿದಿತ್ತು. ನೀಲಿ ಪಟ್ಟಿಯದು ತಂದೆ. ಅವ್ವ ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇದರಾಗ ತತ್ತಿ ಹಾಕ್ಯಾರೇನೋ ತಮ್ಮಾ?"