ಏಳು ರಾಜ್ಯ, ಒಂದಷ್ಟು ಮನೆ ಬಾಗಿಲು

2024ರ ಅಕ್ಟೋಬರ್‌ನಲ್ಲಿ ನಮ್ಮ ಟೀವಿ ಚಾನೆಲ್‌ಗಳಲ್ಲಿ, ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಲೆಕ್ಕ. ಕಮಲಾ ಹ್ಯಾರಿಸ್ ಇಡೀ ದೇಶದಲ್ಲಿ ಒಂದು ಪರ್ಸೆಂಟ್ ಮುಂದಂತೆ, ಟ್ರಂಪ್ ಇನ್ನೂ ಹತ್ತಿರ ಬಂದರಂತೆ. ಅಲ್ಲಿ ಪ್ರಚಾರ ನಡೆಸುವವರು ಈ ಅಂಕಿಗೆ ತಲೆ ಕೆಡಿಸಿಕೊಳ್ಳುವುದು ಬಹಳ ಕಡಿಮೆ. ಅವರ ಪಾಲಿಗೆ ಅಮೆರಿಕ ಅಂದರೆ ಐವತ್ತು ರಾಜ್ಯವಲ್ಲ, ಯಾವ ಕಡೆ ವಾಲುತ್ತವೆ ಎಂದು ಹೇಳಲಾಗದ ಏಳು. ಪೆನ್ಸಿಲ್ವೇನಿಯಾ, ಮಿಶಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕೆರೊಲಿನಾ, ಅರಿಜೋನಾ, ನೆವಾಡಾ. ಮಿಕ್ಕ ನಲವತ್ತಮೂರರ ಜನ ನಮ್ಮ ಹಾಗೆಯೇ ಟೀವಿ ಮುಂದೆ ಕೂತವರು. ಓಟು ಅವರಿಗೂ ಇದೆ, ಆದರೆ ಅದನ್ನು ಕೇಳಿಕೊಂಡು ಯಾರೂ ಬರುವುದಿಲ್ಲ.

ಅಧ್ಯಕ್ಷರಾಗಲು 538ರಲ್ಲಿ 270 ಎಲೆಕ್ಟೋರಲ್ ಮತ, ಅಂದರೆ ಹೆಚ್ಚುಕಡಿಮೆ ಜನಸಂಖ್ಯೆಗೆ ತಕ್ಕ ಹಾಗೆ ರಾಜ್ಯಗಳಿಗೆ ಹಂಚಿದ ಮತ, ಬೇಕು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಎಲ್ಲ ಕಡೆ, ರಾಜ್ಯದಲ್ಲಿ ಒಂದು ಓಟು ಹೆಚ್ಚು ಬಂದವರಿಗೆ ಅಲ್ಲಿನ ಎಲೆಕ್ಟೋರಲ್ ಮತ ಅಷ್ಟೂ ಹೋಗುತ್ತದೆ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಟ್ರಂಪ್‌ಗಿಂತ 28 ಲಕ್ಷಕ್ಕೂ ಹೆಚ್ಚು ಓಟು ಬಿತ್ತು. ಆದರೆ ಮಿಶಿಗನ್‌ನಂಥ ರಾಜ್ಯಗಳು ಕೈತಪ್ಪಿದವು, ಮಿಶಿಗನ್ ಅಂತೂ ಬರೀ 10,704 ಓಟಿನಲ್ಲಿ; ಅಧ್ಯಕ್ಷರಾದದ್ದು ಟ್ರಂಪ್. ಕ್ಯಾಲಿಫೋರ್ನಿಯಾದಲ್ಲಿ 54 ಮತ ಇದ್ದರೂ ಅಭ್ಯರ್ಥಿಗಳು ಅಲ್ಲಿಗೆ ಹೋಗುವುದು ಹೆಚ್ಚಾಗಿ ಚಂದಾ ಎತ್ತುವುದಕ್ಕೆ.

ನಮ್ಮ ದೊಡ್ಡಪ್ಪನ ಮಗ ಫಿಲಡೆಲ್ಫಿಯಾ ಪಕ್ಕದ ಬಕ್ಸ್ ಕೌಂಟಿಯಲ್ಲಿದ್ದಾನೆ. ಆ ಎರಡು ತಿಂಗಳು ಅವನ ಅಂಚೆ ಪೆಟ್ಟಿಗೆ ಬಾಗಿಲು ಮುಚ್ಚಲಾಗದಷ್ಟು ಕರಪತ್ರ, ಅದೂ ಮದುವೆ ಕಾರ್ಡಿನಂಥ ದಪ್ಪ ಕಾಗದದಲ್ಲಿ. ಡೆಲಾವೇರ್ ನದಿ ದಾಟಿದರೆ ನ್ಯೂಜೆರ್ಸಿ. ಅಲ್ಲಿ ಎಡಿಸನ್ ಕಡೆ ಕನ್ನಡದವರ ಮನೆಗಳು ಬೇಕಾದಷ್ಟಿವೆ, ಅವರನ್ನು ಕೇಳುವವರಿಲ್ಲ.

ಮನೆ ಮನೆ ಪ್ರಚಾರ ಎಂದರೆ ನಮ್ಮಲ್ಲಿಯ ಹಾಗೆ ತಮಟೆ, ಶಾಲು, ಬೀದಿ ತುಂಬ ಜನ ಎಂದುಕೊಳ್ಳಬೇಡಿ. ಬರುವುದು ಒಬ್ಬರೋ ಇಬ್ಬರೋ. ಕೈಯಲ್ಲಿ ಫೋನು, ಫೋನಿನಲ್ಲಿ ಪಟ್ಟಿ. ಈ ಮನೆ ತಟ್ಟು, ಮುಂದಿನ ನಾಲ್ಕು ಬಿಡು. ಯಾರು ಯಾವ ಯಾವ ಚುನಾವಣೆಯಲ್ಲಿ ಓಟು ಹಾಕಿದ್ದಾರೆ ಎನ್ನುವುದು ಅಲ್ಲಿ ಪಕ್ಷಗಳಿಗೆ ಸಿಗುವ ದಾಖಲೆ. ಯಾರಿಗೆ ಹಾಕಿದರು ಎನ್ನುವುದೊಂದೇ ಗುಟ್ಟು. ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಹೆಸರಿನ ಜೊತೆ ಪಕ್ಷವೂ ನಮೂದಾಗಿರುತ್ತದೆ. ಅಣ್ಣನ ಮನೆಗೆ ಬಂದ ಹುಡುಗಿ ಬಾಗಿಲು ತೆಗೆದವನನ್ನು ಬಿಟ್ಟು ಅತ್ತಿಗೆ ಇದ್ದಾರಾ ಎಂದು ಹೆಸರು ಹಿಡಿದು ಕೇಳಿದಳಂತೆ. ಅತ್ತಿಗೆ ಯಾವ ಪಕ್ಷಕ್ಕೂ ಸೇರಿದವರಲ್ಲ, ಒಂದು ಸಲ ಓಟು ಹಾಕಿದರೆ ಇನ್ನೊಂದು ಸಲ ಮನೆಯಲ್ಲೇ ಉಳಿಯುವವರು. ಅಣ್ಣ ಪಕ್ಕಾ ಡೆಮಾಕ್ರಟ್. ಹೇಗೂ ಹಾಕುವವನ ಹತ್ತಿರ ಐದು ನಿಮಿಷ ಯಾಕೆ ಕಳೆಯಬೇಕು? ಅವನಿಗೆ ಇದರಿಂದ ಸಣ್ಣ ಬೇಜಾರೂ ಆಯಿತು.

ಇನ್ನು ದುಡ್ಡು. ನಮ್ಮಲ್ಲಿ ಲೋಕಸಭೆಗೆ ನಿಂತವರಿಗೆ 95 ಲಕ್ಷ ರೂಪಾಯಿಯ ಮಿತಿ ಇದೆ (ನಗಬೇಡಿ, ಕಾಗದದ ಮೇಲಾದರೂ ಇದೆ). ಅಲ್ಲಿ ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿಬಿಟ್ಟಿತು. ಕಂಪನಿಗಳೂ ಚುನಾವಣೆಯಲ್ಲಿ ಸ್ವತಂತ್ರವಾಗಿ ಖರ್ಚು ಮಾಡಬಹುದೆಂದ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ಬೆನ್ನಿಗೇ ಸೂಪರ್ ಪ್ಯಾಕ್‌ಗಳು ಬಂದವು, ಅಂದರೆ ಅಭ್ಯರ್ಥಿಗೆ ಕೊಡದೆ ತಾವೇ ಪ್ರಚಾರಕ್ಕೆ ಖರ್ಚು ಮಾಡುವ ಗುಂಪುಗಳು. 2024ರಲ್ಲಿ ಒಬ್ಬ ವ್ಯಕ್ತಿ ಅಭ್ಯರ್ಥಿಗೆ ನೇರವಾಗಿ ಕೊಡಬಹುದಾಗಿದ್ದದ್ದು ಚುನಾವಣೆಯೊಂದಕ್ಕೆ 3,300 ಡಾಲರ್, ಸೂಪರ್ ಪ್ಯಾಕ್‌ಗೆ ಎಷ್ಟು ಬೇಕಾದರೂ. ಇಲಾನ್ ಮಸ್ಕ್ 25 ಕೋಟಿ ಡಾಲರ್ ದಾಟಿಸಿದರು. ಹಾಗೆಂದು ಅಧ್ಯಕ್ಷ ಚುನಾವಣೆಯನ್ನು ದುಡ್ಡೇ ಗೆಲ್ಲಿಸುತ್ತದೆ ಎಂದು ನನಗನ್ನಿಸುವುದಿಲ್ಲ. ಹ್ಯಾರಿಸ್ ಮೂರು ತಿಂಗಳಲ್ಲಿ 100 ಕೋಟಿ ಡಾಲರ್‌ಗೂ ಹೆಚ್ಚು ಎತ್ತಿ ಏಳಕ್ಕೆ ಏಳೂ ರಾಜ್ಯ ಸೋತರು. ದುಡ್ಡಿನ ಏಟು ಜೋರಾಗಿ ಬೀಳುವುದು ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಸ್ಪರ್ಧೆಗಳಲ್ಲಿ. ಒಹಾಯೊದ ಸೆನೆಟರ್ ಶೆರಾಡ್ ಬ್ರೌನ್ ಬ್ಯಾಂಕಿಂಗ್ ಸಮಿತಿಯ ಅಧ್ಯಕ್ಷರಾಗಿದ್ದವರು, ಕ್ರಿಪ್ಟೊ ಕಂಪನಿಗಳಿಗೆ ಮುಳ್ಳಾಗಿದ್ದವರು. ಅವರನ್ನು ಸೋಲಿಸಲು ಕ್ರಿಪ್ಟೊದವರ ಸೂಪರ್ ಪ್ಯಾಕ್ ಸುಮಾರು 4 ಕೋಟಿ ಡಾಲರ್ ಸುರಿಯಿತು. ಆ ಜಾಹೀರಾತುಗಳಲ್ಲಿ ಕ್ರಿಪ್ಟೊ ಎಂಬ ಸೊಲ್ಲೇ ಇಲ್ಲ. ಬ್ರೌನ್ ಸೋತರು.

ಕೆಳಮನೆಯ 435 ಸದಸ್ಯರ ಪಾಡು ಇನ್ನೂ ಬೇರೆ. ಅವಧಿ ಎರಡೇ ವರ್ಷ, ಗೆದ್ದ ಮರುದಿನವೇ ಮುಂದಿನದಕ್ಕೆ ಚಂದಾ ಶುರು. ಸರ್ಕಾರಿ ಕಚೇರಿಯಿಂದ ಚಂದಾ ಕೇಳುವುದು ಕಾನೂನುಬಾಹಿರ, ಹಾಗಾಗಿ ಸಂಸತ್ ಭವನದಿಂದ ಎದ್ದು ಹತ್ತಿರದ ಪಕ್ಷದ ಕಚೇರಿಗೆ ಹೋಗಿ ಕಾಲ್ ಸೆಂಟರ್ ಹುಡುಗರ ಹಾಗೆ ಫೋನ್ ಹಿಡಿದು ಕೂರುತ್ತಾರೆ. ಡೆಮಾಕ್ರಟರು ಹೊಸ ಸದಸ್ಯರಿಗೆಂದು ಮಾಡಿದ್ದ ಮಾದರಿ ದಿನಚರಿಯೊಂದು 2013ರಲ್ಲಿ ಹೊರಬಿತ್ತು: ದಿನಕ್ಕೆ ನಾಲ್ಕು ಗಂಟೆ ಚಂದಾ ಫೋನು, ಸದನಕ್ಕೂ ಸಮಿತಿಗೂ ಸೇರಿ ಎರಡು ಗಂಟೆ.

ಇಷ್ಟಾಗಿಯೂ ಬಹುಪಾಲು ಕ್ಷೇತ್ರಗಳಲ್ಲಿ ನವೆಂಬರ್ ಚುನಾವಣೆ ಒಂದು ಶಾಸ್ತ್ರ. ಕ್ಷೇತ್ರದ ಗಡಿಯನ್ನು ಹೆಚ್ಚಿನ ಕಡೆ ರಾಜ್ಯದ ಶಾಸಕರೇ ಗೀಚುತ್ತಾರೆ, ತಮಗೆ ಬೇಕಾದ ಹಾಗೆ. 2025ರಲ್ಲಿ ಟೆಕ್ಸಾಸ್ ರಿಪಬ್ಲಿಕನ್ನರಿಗೆ ಐದು ಸೀಟು ಹೆಚ್ಚಲೆಂದು ಗೀಚಿತು, ಉತ್ತರವಾಗಿ ಕ್ಯಾಲಿಫೋರ್ನಿಯಾ ತನ್ನದನ್ನು ಬದಲಿಸಿತು. ಹೀಗಿರುವಾಗ ನಿಜವಾದ ಕುಸ್ತಿ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಒಳ ಚುನಾವಣೆಯಲ್ಲಿ; ಅದಕ್ಕೆ ಬರುವ ಮತದಾರರು ಕಡಿಮೆ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಓದಿದ ಶ್ರೀ ಥಾನೇದಾರ್ ಅವರನ್ನೇ ನೋಡಿ. 2018ರಲ್ಲಿ ಮಿಶಿಗನ್ ಗವರ್ನರ್ ಆಗಲು ಸುಮಾರು ಒಂದು ಕೋಟಿ ಡಾಲರ್ ಸ್ವಂತ ಹಣ ಸುರಿದು ಪ್ರೈಮರಿಯಲ್ಲಿ ಮೂರನೆಯವರಾದರು. 2022ರಲ್ಲಿ ಡೆಟ್ರಾಯಿಟ್ ಕಡೆಯ ಕ್ಷೇತ್ರದಲ್ಲಿ ನಿಂತರು. ಡೆಮಾಕ್ರಟರ ಪ್ರೈಮರಿಯಲ್ಲಿ ಒಂಬತ್ತು ಜನ, ಇವರಿಗೆ ಬಿದ್ದದ್ದು ಶೇ. 28. ಅಷ್ಟಕ್ಕೇ ವಾಷಿಂಗ್ಟನ್‌ನ ದಾರಿ ತೆರೆಯಿತು. ನವೆಂಬರ್‌ನಲ್ಲಿ ಶೇ. 70 ದಾಟಿದರು.

ಅದೇ ವರ್ಷ, ಅದೇ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ನಡೆದದ್ದು ನನಗೆ ಇನ್ನೂ ಜೀರ್ಣವಾಗಿಲ್ಲ. ಅಲ್ಲಿನ ರಿಪಬ್ಲಿಕನ್ ಸದಸ್ಯ ಪೀಟರ್ ಮೈಯರ್, 2021ರಲ್ಲಿ ಟ್ರಂಪ್ ಮಹಾಭಿಯೋಗಕ್ಕೆ ಓಟು ಹಾಕಿದ ಹತ್ತು ರಿಪಬ್ಲಿಕನ್ನರಲ್ಲಿ ಒಬ್ಬರು. ಪ್ರೈಮರಿಯಲ್ಲಿ ಅವರ ಎದುರಾಳಿ ಟ್ರಂಪ್ ಬೆಂಬಲದ ಜಾನ್ ಗಿಬ್ಸ್. ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂದು ದೇಶವಿಡೀ ಹೇಳುತ್ತಿದ್ದ ಡೆಮಾಕ್ರಟರ ಸಮಿತಿ 4 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟು ಗಿಬ್ಸ್ ಮೇಲೊಂದು ಟೀವಿ ಜಾಹೀರಾತು ಹಾಕಿತು. ಈತ ವಿಪರೀತ ಸಂಪ್ರದಾಯವಾದಿ, ಟ್ರಂಪ್ ಮನುಷ್ಯ ಎಂಬ ಬೈಗುಳ. ರಿಪಬ್ಲಿಕನ್ ಮತದಾರನ ಕಿವಿಗೆ ಅದು ಹೊಗಳಿಕೆ ಎಂದು ಹಾಕಿದವರಿಗೆ ಚೆನ್ನಾಗಿ ಗೊತ್ತಿತ್ತು. ಗಿಬ್ಸ್ ಗೆದ್ದರು, ಮೈಯರ್ ಮನೆಗೆ ಹೋದರು. ನವೆಂಬರ್‌ನಲ್ಲಿ ಡೆಮಾಕ್ರಟ್ ಹಿಲರಿ ಸ್ಕೋಲ್ಟನ್ ಗಿಬ್ಸ್‌ರನ್ನು ಆರಾಮಾಗಿ ಸೋಲಿಸಿ ಸೀಟು ತೆಗೆದುಕೊಂಡರು, 2024ರಲ್ಲೂ ಉಳಿಸಿಕೊಂಡರು. ಲೆಕ್ಕಾಚಾರ ಅಂದರೆ ಇದೇ ಎಂದು ಬಕ್ಸ್ ಕೌಂಟಿಯ ಅಣ್ಣ ಇವತ್ತಿಗೂ ಸಮರ್ಥಿಸುತ್ತಾನೆ. ಮಹಾಭಿಯೋಗಕ್ಕೆ ಓಟು ಹಾಕು ಎಂದು ಮುಂದೆ ಯಾವ ಮುಖ ಇಟ್ಟುಕೊಂಡು ಇನ್ನೊಬ್ಬ ರಿಪಬ್ಲಿಕನ್ನನನ್ನು ಕೇಳುತ್ತೀರಿ ಅಂದೆ. ಅದಕ್ಕೆ ಅವನು ಮಾತು ಬದಲಿಸಿದ.