ಹಾಲಿನ ಪ್ಯಾಕಿಂಗ್ ಲೈನಿನ ಹಳೇ ಪಿಎಲ್‌ಸಿ: ಈಗಲೇ ಬದಲಿಸಬೇಕೇ?

ಪರ: ಕೆಡುವ ಹೊತ್ತನ್ನು ಅದಕ್ಕೇ ಬಿಡಬೇಡಿ

ಸೀಮೆನ್ಸ್ ಎಸ್‌7-300 ಗಟ್ಟಿಮುಟ್ಟಾದ ಪಿಎಲ್‌ಸಿ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್), ಅದರಲ್ಲಿ ಎರಡು ಮಾತಿಲ್ಲ. ಆದರೆ 2023ರ ಅಕ್ಟೋಬರ್ 1ರಿಂದ ಅದು ಸಿಗುವುದು ಬಿಡಿಭಾಗವಾಗಿ ಮಾತ್ರ, ಅದೂ 2033ರವರೆಗೆ. ‘ಇನ್ನೂ ಸಮಯ ಇದೆಯಲ್ಲ’ ಎನ್ನುವವರು ಪಿಎಲ್‌ಸಿಯ ಮಿದುಳಾದ ಸಿಪಿಯು ಒಂದನ್ನೇ ನೋಡುತ್ತಿದ್ದಾರೆ. ಅದರ ಜತೆಗೇ ಬಂದ ಟಚ್ ಪ್ಯಾನೆಲ್, ಮೋಟಾರಿನ ವೇಗ ಹಿಡಿತದಲ್ಲಿಡುವ ಡ್ರೈವ್, ಪವರ್ ಸಪ್ಲೈಗಳಿಗೂ ಅಷ್ಟೇ ವಯಸ್ಸಾಗಿದೆ. ಆ ಪ್ರೋಗ್ರಾಮ್ ತೆರೆಯುವ ಲ್ಯಾಪ್‌ಟಾಪ್, ಅದನ್ನು ಪಿಎಲ್‌ಸಿಗೆ ಜೋಡಿಸುವ ಎಂಪಿಐ ಕೇಬಲ್, ಪ್ರೋಗ್ರಾಮ್ ಬರೆಯುವ ಸ್ಟೆಪ್ 7 ಸಾಫ್ಟ್‌ವೇರ್ ಬಲ್ಲ ಎಂಜಿನಿಯರ್ ಕೂಡ ಒಂದೊಂದಾಗಿ ಕೈತಪ್ಪುತ್ತಿರುತ್ತವೆ.

ಹಾಲಿನ ಪ್ಯಾಕಿಂಗ್ ನಡೆಯುವುದೇ ರಾತ್ರಿ. 2 ಗಂಟೆಗೆ ಸಿಪಿಯು ಮೇಲೆ ದೋಷ ಸೂಚಿಸುವ ಎಸ್‌ಎಫ್ ಎಂಬ ಕೆಂಪು ದೀಪ ಹೊತ್ತಿಕೊಂಡರೆ ಬೆಳಗಿನ ಗಾಡಿ ಹೊರಡುವುದಿಲ್ಲ. ಸ್ಪೇರ್ ಇದ್ದರೂ ಪ್ರೋಗ್ರಾಮ್ ಎಲ್ಲಿದೆ? ಸಿಪಿಯುವಿನಿಂದ ಅಪ್‌ಲೋಡ್ ಮಾಡಿಕೊಂಡ ಪ್ರತಿಯಲ್ಲಿ ಹೆಸರುಗಳೂ ಇರುವುದಿಲ್ಲ, ಕಾಮೆಂಟುಗಳೂ ಇರುವುದಿಲ್ಲ. ಬರೀ ಎಂ 10.3, ಎಂ 10.4 ಎಂಬ ಮೆಮೊರಿ ವಿಳಾಸಗಳು. ಯಾವುದು ಸೀಲಿಂಗ್, ಯಾವುದು ಕಟರ್ ಎಂದು ಆ ಹೊತ್ತಿನಲ್ಲಿ ಹುಡುಕುವುದು ಯಾರಿಗೂ ಬೇಡ.

ಆದ್ದರಿಂದ ಕೆಲಸವನ್ನು ನಾವೇ ಗೊತ್ತುಮಾಡಿದ ದಿನ ಮಾಡಬೇಕು. ಮೊದಲು ಲೈನ್ ಓಡುತ್ತಿರುವಾಗಲೇ ಡೇಟಾ ಬ್ಲಾಕ್‌ಗಳಲ್ಲಿ (ಸೆಟ್ಟಿಂಗ್‌ಗಳನ್ನು ಇಡುವ ಮೆಮೊರಿ ಭಾಗ) ಆ ಹೊತ್ತಿಗೆ ಇರುವ ಮೌಲ್ಯಗಳನ್ನು ತೆಗೆದಿಟ್ಟುಕೊಳ್ಳಿ. ಫಿಲ್ ಸಮಯ, ಸೀಲಿಂಗ್ ಸಮಯ, ಫಿಲ್ಮ್ ಉದ್ದ ಇವೆಲ್ಲ ಇರುವುದು ಅಲ್ಲೇ, ಮತ್ತು ಹಳೇ ಬ್ಯಾಕಪ್‌ನಲ್ಲಿರುವ ಮೌಲ್ಯಗಳಿಗೂ ಇವಕ್ಕೂ ತಾಳೆಯಾಗುವುದು ಅಪರೂಪ. ಅರ್ಧ ಲೀಟರ್ ಪ್ಯಾಕೆಟ್‌ನಲ್ಲಿ ಕಾನೂನು ಒಪ್ಪುವ ಕೊರತೆ 15 ಮಿ.ಲೀ. ಮಾತ್ರ, ಫಿಲ್ ಸಮಯ ತಪ್ಪಿತೆಂದರೆ ಅದನ್ನು ದಾಟಲು ಹೆಚ್ಚು ಹೊತ್ತು ಬೇಡ. ಆಮೇಲೆ ಪ್ರತಿ ಇನ್‌ಪುಟ್ ಔಟ್‌ಪುಟ್‌ನ ಪಟ್ಟಿ ಮಾಡಿ ಡ್ರಾಯಿಂಗ್ ಜತೆ ತಾಳೆ ನೋಡಿ. ಸೀಮೆನ್ಸ್‌ನ ಹೊಸ ಪಿಎಲ್‌ಸಿ ಎಸ್‌7-1500 ಕೂರಿಸುವಾಗ ವೈರ್ ಕತ್ತರಿಸಬೇಡಿ: ವೈರ್‌ಗಳು ಬಂದು ಸೇರುವ ಹಳೇ ಫ್ರಂಟ್ ಕನೆಕ್ಟರ್ ಅನ್ನು ವೈರಿಂಗ್ ಸಮೇತ ಬಳಸಿಕೊಳ್ಳಲು ಅಡಾಪ್ಟರ್‌ಗಳಿವೆ. ಎಡವಟ್ಟಾದರೆ ಹಳೇ ರ‍್ಯಾಕ್ ಅನ್ನು ಅದೇ ದಿನ ಮತ್ತೆ ಓಡಿಸಬಹುದು. ರಾತ್ರಿ 2ಕ್ಕೆ ಕೆಟ್ಟಾಗ ಈ ಸವಲತ್ತು ಯಾರಿಗೂ ಸಿಗುವುದಿಲ್ಲ.

ವಿರೋಧ: ಕೆಟ್ಟಿರುವುದು ಪಿಎಲ್‌ಸಿ ಅಲ್ಲ

ಲೈನ್ ನಿಂತ ಕಾರಣಗಳನ್ನು ಒಂದು ತಿಂಗಳು ಬರೆದಿಡಿ. ಸುಟ್ಟ ಟೆಫ್ಲಾನ್ ಟೇಪ್, ತುಂಡಾದ ನೈಕ್ರೋಮ್ ತಂತಿ, ಫೋಟೊಸೆಲ್ ಮೇಲೆ ಕೂತ ಹಾಲಿನ ಪಸೆ, ಸೋರುವ ಏರ್ ಪೈಪ್, ಸಡಿಲಾದ ಪ್ರೊಫಿಬಸ್ (ಯಂತ್ರದ ಭಾಗಗಳನ್ನು ಪಿಎಲ್‌ಸಿಗೆ ಜೋಡಿಸುವ ಜಾಲ) ಕನೆಕ್ಟರ್. ಸಿಪಿಯು ಬದಲಿಸಿದರೆ ಇವುಗಳಲ್ಲಿ ಒಂದೂ ನಿಲ್ಲುವುದಿಲ್ಲ.

‘ಪಿಎಲ್‌ಸಿ ಆಗಾಗ ಸ್ಟಾಪ್‌ಗೆ ಹೋಗುತ್ತದೆ’ ಎಂಬ ದೂರನ್ನೇ ತೆಗೆದುಕೊಳ್ಳಿ. ಮೊದಲು ನೋಡಬೇಕಾದದ್ದು 24 ವೋಲ್ಟ್ ಸಪ್ಲೈ. ಒಳಗಿನ ಕೆಪಾಸಿಟರ್ ಒಣಗಿದ್ದರೆ, ವಾಲ್ವ್ ತೆರೆದು ಮುಚ್ಚುವ ನಾಲ್ಕಾರು ಸೊಲೆನಾಯ್ಡ್ ಒಟ್ಟಿಗೆ ಎಳೆದ ಕ್ಷಣದಲ್ಲಿ ವೋಲ್ಟೇಜ್ ಪಿಎಲ್‌ಸಿಗೆ ಬೇಕಾದ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಮಲ್ಟಿಮೀಟರ್ ಈ ಕುಸಿತವನ್ನು ಹಿಡಿಯುವುದಿಲ್ಲ, ಆಸಿಲ್ಲೋಸ್ಕೋಪ್ ಬೇಕು. ಔಷಧ ಇಷ್ಟೇ: ಹೊಸ ಸಪ್ಲೈ, ಸೊಲೆನಾಯ್ಡ್‌ಗಳಿಗೆ ಬೇರೆಯದೇ ಲೈನು, ಪ್ಯಾನೆಲ್ ಫ್ಯಾನ್‌ಗೆ ಚೊಕ್ಕ ಫಿಲ್ಟರ್. ಶಾಖ 10 ಡಿಗ್ರಿ ಏರಿದರೆ ಕೆಪಾಸಿಟರ್ ಆಯುಸ್ಸು ಅರ್ಧಕ್ಕಿಳಿಯುತ್ತದೆ.

ಹೊಸ ಸಿಪಿಯು ತರುವ ತೊಡಕನ್ನೂ ನೋಡಿ. ಫಿಲ್ಮ್ ಸೆಕೆಂಡಿಗೆ 400 ಮಿ.ಮೀ. ಓಡುತ್ತಿದ್ದರೆ 10 ಮಿ.ಮೀ. ಐ-ಮಾರ್ಕ್ (ಎಲ್ಲಿ ಕತ್ತರಿಸಬೇಕೆಂದು ತಿಳಿಸಲು ಫಿಲ್ಮ್ ಮೇಲೆ ಅಚ್ಚಾದ ಗುರುತು) ಸೆನ್ಸರ್ ಮುಂದೆ ಇರುವುದು 25 ಮಿಲಿಸೆಕೆಂಡ್. ಸತತ ಮೂರು ಸ್ಕ್ಯಾನ್‌ನಲ್ಲಿ (ಸಿಪಿಯು ಪ್ರೋಗ್ರಾಮನ್ನು ಒಮ್ಮೆ ಪೂರ್ತಿ ಓಡಿಸುವ ಸುತ್ತು) ಕಂಡರೆ ಮಾತ್ರ ಮಾರ್ಕ್ ಎಂದು ಎಂದೋ ಯಾರೋ ಬರೆದಿದ್ದಾರೆ ಎನ್ನಿ. ಹಳೇ ಸಿಪಿಯುವಿನ 6 ಮಿಲಿಸೆಕೆಂಡ್ ಸ್ಕ್ಯಾನ್‌ನಲ್ಲಿ ಅದು ಸರಿಯಾಗೇ ನಡೆದಿತ್ತು. ಹೊಸದರಲ್ಲಿ ಸ್ಕ್ಯಾನ್ 1 ಮಿಲಿಸೆಕೆಂಡಿಗೆ ಇಳಿದರೆ, 2 ಮಿ.ಮೀ. ಮಸಿ ಕಲೆಯೂ ಮಾರ್ಕ್ ಆಗಿಬಿಡುತ್ತದೆ. ಕಟರ್ ಪ್ಯಾಕೆಟ್‌ನ ನಟ್ಟನಡುವೆ ಬೀಳುತ್ತದೆ. ಪ್ರೋಗ್ರಾಮ್ ಸಾಲು ಸಾಲು ಓದಿದರೆ ಇಂಥವು ಸಿಕ್ಕಾವು. ಆದರೆ ಯಂತ್ರ ಮಾರಿದವರು ಬ್ಲಾಕ್‌ಗಳಿಗೆ ಬೀಗ ಹಾಕಿದ್ದರೆ ಓದುವುದಕ್ಕೂ ಆಗುವುದಿಲ್ಲ, ಹೊಸದಾಗಿ ಬರೆಯಬೇಕು.

ಅದರ ಬದಲು 2033ರವರೆಗೆ ಇರುವ ಕಾಲವನ್ನು ಚೆನ್ನಾಗಿ ಬಳಸಿಕೊಳ್ಳಿ. ಒಂದು ಸಿಪಿಯು, ಒಂದು ಪವರ್ ಸಪ್ಲೈ, ಪ್ರತಿ ಬಗೆಯ ಒಂದು ಕಾರ್ಡ್, ಒಂದು ಟಚ್ ಪ್ಯಾನೆಲ್, ಪ್ರೋಗ್ರಾಮ್ ತುಂಬಿದ ಎರಡು ಎಂಎಂಸಿ ಮೆಮೊರಿ ಕಾರ್ಡ್ ಖರೀದಿಸಿಡಿ. ಎಂಎಂಸಿಯನ್ನು ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡಲೇಬೇಡಿ, ಮತ್ತೆ ಆ ಸಿಪಿಯು ಅದನ್ನು ಒಪ್ಪುವುದಿಲ್ಲ. ಬ್ಯಾಟರಿ ಇರುವ ಹಳೇ ಮಾದರಿಯಾದರೆ 3.6 ವೋಲ್ಟ್ ಸೆಲ್ಲನ್ನು ಪವರ್ ಆನ್ ಇರುವಾಗಲೇ ಬದಲಿಸಿ. ಆಫ್ ಮಾಡಿ ತೆಗೆದರೆ ರ‍್ಯಾಮ್‌ನಲ್ಲಿರುವ ಪ್ರೋಗ್ರಾಮ್ ಹೋಯಿತೆಂದೇ ಲೆಕ್ಕ. ಇನ್ನು ಸ್ಪೇರ್ ಸಿಪಿಯುವನ್ನು ಡಬ್ಬದಲ್ಲೇ ಇಟ್ಟು ಸುಮ್ಮನಾಗಬೇಡಿ: ವರ್ಷಕ್ಕೊಮ್ಮೆ, ನಿರ್ವಹಣೆಯ ದಿನ, ಲೈನಿಗೆ ಹಾಕಿ ಒಂದು ಪೂರ್ತಿ ಶಿಫ್ಟ್ ಓಡಿಸಿ ನೋಡಿ.